ಮಂಕರಿ ಕೆಳಗಿನ ಹಿಟ್ಟು

ನನ್ನ ಮಗಳಿಗೆ ಅಕ್ಷರಗಳು ಒಂದು ಕಡೆ ನಿಲ್ಲುವುದಿಲ್ಲ. ನಾವೆಲ್ಲ ನೋಡುವಾಗ ಸಾಲಾಗಿ ಕೂತಿರುವ ಅಕ್ಷರಗಳು ಅವಳು ನೋಡಿದ ತಕ್ಷಣ ಎದ್ದು ಜಾಗ ಬದಲಾಯಿಸುತ್ತವೆ. ಪ, ವ, ಮ ಮೂರೂ ಅವಳಿಗೆ ಒಂದೇ ತಾಯಿಯ ಮಕ್ಕಳು, ಯಾರು ಯಾರೆಂದು ಗೊತ್ತಾಗುವುದಿಲ್ಲ. ಕೆ.ಆರ್. ನಗರದ ಶಾಲೆಯಲ್ಲಿ ಅವಳ ಪುಸ್ತಕದ ಪುಟಗಳು ಕೆಂಪು ಗೆರೆಗಳಿಂದ ತುಂಬಿಹೋಗುತ್ತಿದ್ದವು. ನಾಲ್ಕನೇ ತರಗತಿಯ ಪರೀಕ್ಷೆ ಮುಗಿದ ದಿನ ಅವಳು ಮನೆಗೆ ಬಂದು, ಸ್ಟೂಲು ಹತ್ತಿ, ಸ್ಕೂಲ್ ಬ್ಯಾಗನ್ನು ಅಟ್ಟದ ಮೇಲೆ ತಳ್ಳಿ, ಕೈ ತೊಳೆದುಕೊಂಡು ಊಟಕ್ಕೆ ಕೂತಳು. "ಇನ್ಮೇಲೆ ನಾನು ಹೋಗಲ್ಲ ಕಣಮ್ಮ," ಎಂದಳು. ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ರಚ್ಚೆ ಹಿಡಿದಿದ್ದರೆ ಎರಡು ಬೈದು ದಾರಿಗೆ ತರುತ್ತಿದ್ದೆ, ಬಾಯಿ ಮಾಡುವುದರಲ್ಲಿ ನಾನೇನು ಕಡಿಮೆಯವಳಲ್ಲ. ಆ ತಣ್ಣಗಿನ ದನಿ ಕೇಳಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಮೈಸೂರಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಮೇಡಂ ಬಳಿ ಅವಳನ್ನು ಕರೆದುಕೊಂಡು ಹೋಗಿದ್ದೆವು. ಡಿಸ್ಲೆಕ್ಸಿಯಾ ಎಂಬ ಹೆಸರು ಹೇಳಿದ್ದು ಅವರೇ. ಬುದ್ಧಿಗೆ ಏನೂ ಕಡಿಮೆಯಿಲ್ಲ, ಓದುವ ದಾರಿ ಬೇರೆ, ಅಷ್ಟೇ ಎಂದರು. ರಜೆಯಲ್ಲಿ ಪುಸ್ತಕ ಮುಟ್ಟಿಸಲೇಬೇಡಿ, ಆಟ ಆಡಿಸಿ ಎಂದರು. ಹಿಟ್ಟಿನ ಮೇಲೆ ಬೆರಳಲ್ಲಿ ದೊಡ್ಡದಾಗಿ ಬರೆಸಿ, ಮಣ್ಣಲ್ಲಿ ಅಕ್ಷರ ಮಾಡಿಸಿ, ಕಣ್ಣು ಮುಚ್ಚಿ ಸವರಿ ಯಾವುದೆಂದು ಹೇಳಿಸಿ, ನೆಲದ ಮೇಲೆ ಬರೆದು ಕುಣಿಸಿ. ಕಣ್ಣಿಗೆ ಸಿಗದ್ದು ಕೈಗೆ ಸಿಗುತ್ತದೆ ಎಂದರು. ಕೇಳುವುದಕ್ಕೆ ಸುಲಭವಾಗಿತ್ತು. ನಮ್ಮ ಯಜಮಾನರಿಗೆ ರಜೆ ಇರಲಿಲ್ಲ. ಮಗಳನ್ನು ಕರೆದುಕೊಂಡು ನಾನು ಹುಣಸೂರು ಬಸ್ಸು ಹತ್ತಿ ತವರಿಗೆ ಹೊರಟೆ. ಜೂನ್ ಬರುವುದರೊಳಗೆ ಆ ಬ್ಯಾಗು ಅಟ್ಟದಿಂದ ಕೆಳಗಿಳಿಯಬೇಕು, ನನಗಿದ್ದ ಗುರಿ ಅದೊಂದೇ.

ತವರು ಕಟ್ಟೆಮಳಲವಾಡಿಯ ಆಚೆ, ಹೊಗೆಸೊಪ್ಪು ಬೆಳೆಯುವ ಸಣ್ಣ ಊರು. ಮನೆಯಲ್ಲಿ ಅವ್ವ, ಅಣ್ಣ ಇಬ್ಬರೇ ಇದ್ದರು. ಅತ್ತಿಗೆ ಬಾಣಂತನಕ್ಕೆಂದು ಪಿರಿಯಾಪಟ್ಟಣದ ತಮ್ಮ ತವರಿಗೆ ಹೋಗಿದ್ದರು. ಸಂಕ್ರಾಂತಿ ಕಳೆದ ಮೇಲೆ ಅಪ್ಪ ತೀರಿಕೊಂಡಿದ್ದ. ನಡುಮನೆಯ ಕಂಬದ ಹತ್ತಿರ, ಬೆಳಕಿಂಡಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಚಾಪೆ ಹಾಕಿಸಿಕೊಂಡು ಮಲಗಿದವನು ಮತ್ತೆ ಏಳಲಿಲ್ಲ. ಅವನಿಲ್ಲದ ಮನೆಗೆ ಕಾಲಿಡುವಾಗ ನಾನು ಹೊಸಲಲ್ಲೇ ತಡೆದು ನಿಂತೆ. ಮಗಳು ಮಾತ್ರ ಸೀದಾ ಕಂಬದ ಹತ್ತಿರ ಹೋಗಿ, ಅಲ್ಲಿ ಯಾರೋ ಕೂತಿದ್ದಾರೆಂಬಂತೆ ಸ್ವಲ್ಪ ಜಾಗ ಬಿಟ್ಟು ಪಕ್ಕದಲ್ಲಿ ಕೂತಳು.

"ಅಲ್ಯಾಕವ್ವ ಒತ್ರುಸ್ಕೊಂಡು ಕುಂತೀಯ, ಇತ್ಲಾಗ್ ಬಾ," ಎಂದಳು ಅವ್ವ. ಅವಳ ದನಿ ನಡುಗುತ್ತಿತ್ತು. ಪ್ರಯಾಣದ ಸುಸ್ತಿನಲ್ಲಿ ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೊದಲ ಆಟ ಬ್ಯಾರನ್ನಿನಲ್ಲಿ ಶುರುವಾಯಿತು. ಹೊಗೆಸೊಪ್ಪು ಬೇಯಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಕಿಟಕಿಯಿಲ್ಲದ, ಎತ್ತರದ, ಒಳಗೆಲ್ಲ ಸೊಪ್ಪು ತೂಗುಹಾಕುವ ಅಡ್ಡ ಗಳುಗಳಿರುವ ಮಣ್ಣುಗೋಡೆಯ ಕಟ್ಟಡ. ಬೇಸಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅಣ್ಣ ಹೊಲದಲ್ಲಿ ಸಸಿಮಡಿ ಮಾಡುತ್ತಿದ್ದ, ಬ್ಯಾರನ್ನು ಖಾಲಿ ಬಿದ್ದಿತ್ತು. ನೆಲ ಗುಡಿಸಿ, ಸೀಮೆಸುಣ್ಣದಲ್ಲಿ ಮಾರುದ್ದದ ಅಕ್ಷರಗಳನ್ನು ಬರೆದೆ. ನಾನು ಕೂಗಿದ ಅಕ್ಷರದ ಮೇಲೆ ಅವಳು ನೆಗೆಯಬೇಕು, ನೆಗೆಯುತ್ತ ತಾನೂ ಕೂಗಬೇಕು. ತಪ್ಪಾದರೆ ನಾನು ಒಂದು ಕಾಲಲ್ಲಿ ಕುಂಟಬೇಕು. ಈ ನಿಯಮ ಮಾಡಿದವಳು ಅವಳೇ. ಅಮ್ಮ ಕುಂಟುವುದನ್ನು ನೋಡಲು ಬೇಕೆಂದೇ ತಪ್ಪು ಮಾಡುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು, ಆದರೂ ಕುಂಟುತ್ತಿದ್ದೆ. ಬೇಕೆಂದು ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಗೊತ್ತಿರಬೇಕಲ್ಲ!

ಆ ಕಟ್ಟಡ ಮಾತನ್ನು ವಾಪಸ್ಸು ಕೊಡುತ್ತಿತ್ತು. "ಕಾ" ಎಂದರೆ ಮೇಲಿನ ಕತ್ತಲಿಂದ "ಕಾ" ಎಂದು ಬರುತ್ತಿತ್ತು. ಅವಳಿಗೆ ಅದು ಬಹಳ ಹಿಡಿಸಿತು. "ಗೆ" ಎಂದು ಕೂಗಿ, ಅದು ಬರುವ ತನಕ ಕಾದು, ನಗುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಕುಣಿಯುವುದನ್ನು ನಿಲ್ಲಿಸಿ ತಲೆಯೆತ್ತಿ ಗಳುಗಳ ಕಡೆ ನೋಡಿದಳು.

"ಅಮ್ಮ, ನಾನಿನ್ನೂ ಕೂಗೇ ಇಲ್ಲ," ಎಂದಳು.

"ಏನು?"

"ಮ ಅಂತ. ನಾನು ಕೂಗೋಕ್ಕೆ ಮುಂಚೇನೇ ಮೇಲಿಂದ ಬಂತು."

ನಾನೇ ಕೂಗಿರಬೇಕು ಎಂದೆ. ನಾನು ಕೂಗಿರಲಿಲ್ಲ. ಬಾಯಲ್ಲಿ ಸೀಮೆಸುಣ್ಣದ ತುಂಡು ಕಚ್ಚಿಕೊಂಡು ಮುಂದಿನ ಅಕ್ಷರ ತಿದ್ದಲು ಬಗ್ಗಿದ್ದೆ. ನನಗೇನೂ ಕೇಳಿಸಿರಲಿಲ್ಲ. ಆದರೆ ಅವಳು ಪ, ವ, ಮ ಮೂರೂ ಇದ್ದ ಕಡೆ ಸರಿಯಾಗಿ ಮ ಮೇಲೆ ನಿಂತಿದ್ದಳು. ಬಾಯಿಂದ ಸೀಮೆಸುಣ್ಣ ಉಗುಳಿದೆ. ಬಿಸಿಲಿನ ಝಳಕ್ಕೆ ಹಾಗೆ ಕೇಳಿಸಿರಬೇಕು ಎಂದುಕೊಂಡು ಅವಳನ್ನು ಕರೆದುಕೊಂಡು ಹೊರಗೆ ಬಂದೆ.

ಮಾರನೆಯ ದಿನದಿಂದ ಬ್ಯಾರನ್ನಿಗೆ ಬೀಗ ಹಾಕಿ ಮನೆಯೊಳಗಿನ ಆಟ ಶುರು ಮಾಡಿದೆ. ಕೆರೆಯ ಜೇಡಿಮಣ್ಣು ತಂದು ಹಾವಿನಂತೆ ಹೊಸೆದು ಅಕ್ಷರ ಮಾಡಿದೆವು. ಮೊಣಕೈತನಕ ಮಣ್ಣು ಮೆತ್ತಿಕೊಂಡ ಮೊಮ್ಮಗಳನ್ನು ನೋಡಿ ಅವ್ವ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಿನ್ ಬಾಯೂ ಕೆಸ್ರೇ ಆಗ್ಬುಟ್ಟದಲ್ಲೇ," ಎಂದು ನಕ್ಕಳು. ಆ ಮನೆಯಲ್ಲಿ ಅವ್ವ ನಕ್ಕದ್ದನ್ನು ನಾನು ಬಂದ ಮೇಲೆ ನೋಡಿದ್ದು ಅದೇ ಮೊದಲು.

ಆಮೇಲೆ ಹಿಟ್ಟಿನ ಆಟ. ಮೊರದ ಮೇಲೆ ರಾಗಿಹಿಟ್ಟು ಹರಡಿ, ಒಬ್ಬರು ಬೆರಳಲ್ಲಿ ಬರೆಯುವುದು, ಇನ್ನೊಬ್ಬರು ಕಣ್ಣು ಮುಚ್ಚಿ ಸವರಿ ಹೇಳುವುದು. ಮೇಡಂ ಹೇಳಿದ್ದು ನಿಜ. ಪುಸ್ತಕದಲ್ಲಿ ಒದ್ದಾಡುವ ಮಗು ಹಿಟ್ಟಿನ ಮೇಲಿನ ಅಕ್ಷರವನ್ನು ಬೆರಳ ತುದಿಯಲ್ಲಿ ಹಿಡಿದುಬಿಡುತ್ತಿತ್ತು. ಅಕ್ಷರ ಸಾಲದೆಂದು ಪದಗಳಿಗೆ ಬಂದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೊಂದು ಪದ ಬರೆದು ಮುಚ್ಚಿಡುವುದು, ಅವಳು ಬೆಳಿಗ್ಗೆ ಎದ್ದ ತಕ್ಷಣ ಬಂದು ಸವರಿ ಹೇಳುವುದು. ಹೇಳಿದರೆ ಆ ಪದದ ವಸ್ತು ಎಲ್ಲಿ ಬಚ್ಚಿಟ್ಟಿದೆಯೆಂದು ಹುಡುಕಬೇಕು. ಬೆಲ್ಲ, ಬಳೆ, ಗಿಲಕಿ. ಬೆಳಕು ಚೆನ್ನಾಗಿದೆಯೆಂದು ಮೊರವನ್ನು ನಡುಮನೆಯ ಕಂಬದ ಹತ್ತಿರ ಇಡುತ್ತಿದ್ದೆ. ಇರುವೆ, ಬೆಕ್ಕು ಬಂದಾವೆಂದು ಮೇಲೊಂದು ಮಂಕರಿ, ಬಿದಿರಿನ ದೊಡ್ಡ ಬುಟ್ಟಿ, ಕವುಚುತ್ತಿದ್ದೆ.

ಈ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ಜಾಗದಲ್ಲಿ ಹಿಟ್ಟು ಹರಡಿ ಮಂಕರಿ ಕವುಚಿದರೆ ಅದು ಏನೆಂದು ಊರಿನ ಎಳೆ ಮಗುವಿಗೂ ಗೊತ್ತು. ನನ್ನ ತಲೆಯಲ್ಲಿ ಮೇಡಂ ಹೇಳಿದ ಪಾಠ ತುಂಬಿಕೊಂಡಿತ್ತು, ಬೇರೆ ಯಾವುದಕ್ಕೂ ಜಾಗ ಇರಲಿಲ್ಲ.

ನಮ್ಮ ಮನೆಗಳಲ್ಲಿ ಯಾರಾದರೂ ಸತ್ತರೆ, ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ದಿನ ಸಂಜೆ, ಅವರು ಪ್ರಾಣ ಬಿಟ್ಟ ಜಾಗದಲ್ಲಿ ಹಿಟ್ಟು ಹರಡಿ ಮಂಕರಿ ಕವುಚುತ್ತಾರೆ. ಬೆಳಿಗ್ಗೆ ತೆಗೆದು ನೋಡುತ್ತಾರೆ. ಹಕ್ಕಿ ಕಾಲು ಕಂಡರೆ ಹಕ್ಕಿಯಾಗಿ ಹೋದರು, ಗೊರಸು ಕಂಡರೆ ದನವಾಗಿ ಹೋದರು, ಪುಟ್ಟ ಪಾದ ಕಂಡರೆ ಮತ್ತೆ ಇದೇ ಮನೆಯಲ್ಲಿ ಹುಟ್ಟುತ್ತಾರೆ ಎಂದು ನಂಬಿಕೆ. ಹಿಟ್ಟು ಕದಲಿದರೆ ಸಾಮಾನ್ಯವಾಗಿ ಯಾರಾದರೊಬ್ಬರಿಗೆ ಏನಾದರೊಂದು ಕಂಡೇ ಕಾಣುತ್ತದೆ. ಕದಲದೆ ಹಾಗೇ ಉಳಿದರೆ ಸತ್ತವರಿನ್ನೂ ಮನೆ ಬಿಟ್ಟಿಲ್ಲವೆಂದು ಲೆಕ್ಕ. ಅಪ್ಪನಿಗೂ ಹಾಗೇ ಮಾಡಿದ್ದರಂತೆ. ಮಗಳಿಗೆ ಪರೀಕ್ಷೆಯೆಂದು ನಾನು ಮಣ್ಣು ಮಾಡಿದ ದಿನವೇ ಕೆ.ಆರ್. ನಗರಕ್ಕೆ ವಾಪಸ್ಸಾಗಿದ್ದೆ, ನೋಡಿರಲಿಲ್ಲ.

ಆ ಬೆಳಿಗ್ಗೆ ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಒಳಗಿನಿಂದ ಅವ್ವ ಕಿರುಚಿದ ಶಬ್ದ ಬಂತು. ಓಡಿ ಬಂದೆ. ಮಗಳು ಮಂಕರಿ ಎತ್ತಿ ಹಿಡಿದು ನಿಂತಿದ್ದಳು, ಅವ್ವ ಗೋಡೆಗೆ ಆನಿಕೊಂಡು ಕುಸಿದು ಕೂತಿದ್ದಳು. ಹಿಂದಿನ ಸಂಜೆ ನಾನು ಬರೆದದ್ದು ಗಿಲಕಿ ಎಂಬ ಪದ. ಅದು ಮೊರದ ಮೇಲೆ ಹಾಗೇ ಇತ್ತು. ಅದರ ಕೆಳಗೆ, ನಾನು ಬರೆಯದ ಒಂದು ಗುರುತು ಇತ್ತು. ಒಂದರ ಮೇಲೊಂದು ಹಾದ ಎರಡು ಗೀಟು, ಮೇಲೊಂದು ಚುಕ್ಕಿ.

ಅಪ್ಪನ ಗುರುತು ಅದು. ಅವನ ಕುಡುಗೋಲಿನ ಹಿಡಿಯ ಮೇಲೆ, ಸೊಪ್ಪಿನ ಗೋಣಿಗಳ ಮೇಲೆ, ನೇಗಿಲಿನ ಮೇಲೆ ಅವನು ಹಾಕುತ್ತಿದ್ದ ಗುರುತು.

"ಯಾರೇ ಮಾಡಿದ್ದು ಇದು?" ಎಂದು ಮಗಳನ್ನು ಕೇಳಿದೆ.

"ನಾನಲ್ಲಮ್ಮ. ನಾನು ಈಗ ತಾನೇ ತೆಗ್ದಿದ್ದು."

"ಅವ್ರು ಬಂದಿದ್ರು ಕಣವ್ವ," ಎಂದಳು ಅವ್ವ. "ನಿಮ್ಮಪ್ಪ ಓಗಿಲ್ಲ. ಆವತ್ತು ನಾನೇ ಮಂಕ್ರಿ ತೆಗ್ದು ನೋಡ್ದೆ. ಹಿಟ್ಟು ಎಂಗ್ ಆಕಿದ್ನೋ ಅಂಗೇ ಇತ್ತು. ಒಂದ್ ಇರುವೆನೂ ಅರ್ದಿರ್ಲಿಲ್ಲ. ಯಾರ್ಗೂ ಏಳ್ನಿಲ್ಲ ನಾನು. ಹಕ್ಕಿ ಕಾಲು ಕಾಣ್ತು ಅಂತ ಸುಳ್ಳಾಡ್ಬುಟ್ಟೆ. ಅವ್ರು ಇಲ್ಲೇ ಅವ್ರೆ. ಈ ಕಂಬದ ತಾವೇ ಅವ್ರೆ."

ಸುಮ್ಮನಿರು ಅವ್ವ, ಮಗುವಿನ ಮುಂದೆ ಏನು ಮಾತು ಎಂದು ರೇಗಿದೆ. ರೇಗಿದ್ದು ಹೆದರಿಕೆಗೆ. ಮಗಳು ಅಪ್ಪನ ಕುಡುಗೋಲು ನೋಡಿರಬಹುದು, ಗೋಣಿ ನೋಡಿರಬಹುದು, ನಿದ್ದೆಗಣ್ಣಲ್ಲಿ ಬರೆದು ಮರೆತಿರಬಹುದು. ಇಷ್ಟೆಲ್ಲ ಯೋಚಿಸಿಯೂ ನಾನು ಆ ಮೊರದಿಂದ ದೂರವೇ ನಿಂತೆ. ಮಗಳು ಮಾತ್ರ ಕೂತು, ಕಣ್ಣು ಮುಚ್ಚಿ, ಗುರುತನ್ನು ನಿಧಾನವಾಗಿ ಸವರಿದಳು. ಆಮೇಲೆ ಎದ್ದುಹೋಗಿ ಒರಳ ಹಿಂದೆ ಬಚ್ಚಿಟ್ಟಿದ್ದ ಗಿಲಕಿಯನ್ನು ತಂದಳು.

ಅವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ಅವ್ವನಿಗೆ ಎಲ್ಲವೂ ಒಂದಕ್ಕೊಂದು ಕೂಡಿಬಂದವು. ಅಕ್ಷರ ಓಡುವುದು, ಬ್ಯಾರನ್ನಿನಲ್ಲಿ ದನಿ ಕೇಳಿಸಿದ್ದು, ಹಿಟ್ಟಿನ ಮೇಲಿನ ಗುರುತು.

"ಮಗೀಗೆ ಗಾಳಿ ಸೋಕ್ಬುಟ್ಟದೆ. ಅದ್ಕೇ ಅಕ್ಸರ ನಿಲ್ಲಾಕಿಲ್ಲ. ಕೋಟೆ ಕಡೆ, ಅಂತರಸಂತೆ ದಾರೀಲಿ, ದಾರ ಕಟ್ಟೋರೊಬ್ರು ಅವ್ರೆ. ಕಾಡಂಚು. ಅಲ್ಲಿಗ್ ಕರ್ಕೊಂಡೋಗವ. ಈ ಹಿಟ್ಟಾಟ ಬುಡ್ಸು," ಎಂದಳು.

"ಮೊಣಕಾಲಿಗೂ ಬೋಳುತಲೆಗೂ ಗಂಟು ಹಾಕ್ಬೇಡ ಅವ್ವ. ಅದು ಗಾಳಿಯಲ್ಲ. ಹುಟ್ಟಿನಿಂದ ಬಂದದ್ದು, ಮಿದುಳು ಕೆಲಸ ಮಾಡೋ ರೀತಿ. ನಿನ್ನ ದಾರಕ್ಕೆ ಅದು ಹೋಗಲ್ಲ."

"ಹುಟ್ನಿಂದ ಬಂದದ್ದು ಅಂದ್ರೆ ಯಾರಿಂದ ಬಂತು? ನಿಮ್ಮತ್ತೆ ಮನೆ ಕಡೆಯಿಂದ್ಲಾ?"

"ಅವರೆಲ್ಲ ಓದಿದವರು. ನಮ್ಮ ಕಡೆಯೂ ಯಾರಿಗಿತ್ತು? ಅಪ್ಪ ದಿನಾ ಪೇಪರ್ ಓದ್ತಿರಲಿಲ್ಲವಾ?"

ಅವ್ವ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು. ಅಣ್ಣ ಹೊಲದಿಂದ ಬಂದು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದ, ಅವನೂ ತಲೆಯೆತ್ತಿದ.

"ನಿಮ್ಮಪ್ಪಂಗೆ ಓದಕ್ಕೆ ಬತ್ತಿರ್ಲಿಲ್ಲ ಕಣವ್ವ," ಎಂದಳು.

ನಾನು ನಕ್ಕುಬಿಟ್ಟೆ. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಪೇಪರ್ ಬಿಡಿಸಿ ಹಿಡಿದು ಕೂರುತ್ತಿದ್ದ ಅಪ್ಪ ನನ್ನ ಕಣ್ಣ ಮುಂದಿದ್ದ. ಕಣ್ಣು ಮಂಜು ಕಣವ್ವ, ಸ್ವಲ್ಪ ಓದು ಎಂದು ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದ. ನಾನು ಓದಿದ್ದನ್ನು ಮಧ್ಯಾಹ್ನ ಅರಳಿಕಟ್ಟೆಯಲ್ಲಿ ತಾನೇ ಓದಿದಂತೆ ನಾಲ್ಕು ಜನಕ್ಕೆ ಹೇಳುತ್ತಿದ್ದ. ನಾನು ಮದುವೆಯಾಗಿ ಹೋದ ಮೇಲೆ ಪೇಪರ್ ನಿಲ್ಲಿಸಿಬಿಟ್ಟನೆಂದು ಗೊತ್ತಿತ್ತು. ಕಣ್ಣಿನ ತೊಂದರೆ ಎಂದುಕೊಂಡಿದ್ದೆ. ಆದರೆ ಅದೇ ಕಣ್ಣಲ್ಲಿ ಅವನು ಸಾಸಿವೆಯಂಥ ಹೊಗೆಸೊಪ್ಪಿನ ಬೀಜದಲ್ಲಿ ಜೊಳ್ಳು ಆರಿಸುತ್ತಿದ್ದ!

"ಇಸ್ಕೂಲ್ಗೆ ಓಗಿದ್ರಂತೆ," ಎಂದಳು ಅವ್ವ. "ಅಕ್ಸರ ಇರುವೆ ಅಂಗೆ ಅರೀತಾವೆ ಅಂದ್ರಂತೆ. ಮೇಷ್ಟ್ರು ಒಡ್ದೂ ಒಡ್ದೂ ಕೈ ಬಾತೋಯ್ತಂತೆ. ಬುಟ್ಬುಟ್ರು. ಎಸ್ರು ಬರಿಯಾಕೆ ಬರ್ದಿದ್ಕೇ ಆ ಗೀಟು ಚುಕ್ಕಿ ಮಾಡ್ಕಂಡ್ರು. ಮಕ್ಳಿಗೆ ಏಳ್ಬ್ಯಾಡ ಅಂತ ಆಣೆ ಆಕಿಸ್ಕೊಂಡಿದ್ರು."

ಅಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಒರೆಸತೊಡಗಿದ. ನನಗೆ ಅಪ್ಪನ ಮೇಲೆ ಕೋಪ ಬಂತು, ಅಳು ಬಂತು. ಎರಡೂ ಒಟ್ಟಿಗೇ ಬಂದವು. ಯಾಕೆ ಹೇಳಲಿಲ್ಲ ಮಾರಾಯ, ನಾನು ಇನ್ನೂ ನಾಲ್ಕು ಪುಟ ಹೆಚ್ಚಿಗೆ ಓದುತ್ತಿದ್ದೆನಲ್ಲ. ತಿರುಗಿ ನೋಡಿದರೆ ಮಗಳು ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ. ಜೊತೆಗಾರ ಸಿಕ್ಕಿದಂತೆ ಇತ್ತು. ನನಗೆ ಅದೇ ಹೆದರಿಕೆಯಾಯಿತು.

ಹಿಟ್ಟಿನ ಆಟವನ್ನು ನಾನು ನಿಲ್ಲಿಸಿದೆ, ಅವಳು ನಿಲ್ಲಿಸಲಿಲ್ಲ. ನಾನು ಕರೆಯದಿದ್ದರೂ ತಾನೇ ಮೊರ ತಂದು, ಹಿಟ್ಟು ಹರಡಿ, ನಾಲಿಗೆ ಹೊರಚಾಚಿ ಬರೆಯುತ್ತಿದ್ದಳು. ತಾತ ಎಂದು ಬರೆದಳು. ತಾತ ಬಾ ಎಂದು ಬರೆದಳು. ಬೆಲ್ಲ ತಿಂದೆ ಎಂದು ಬರೆದಳು. ನಾಲ್ಕು ವರ್ಷ ಶಾಲೆಯಲ್ಲಿ ಯಾರು ಎಷ್ಟು ಹೇಳಿದರೂ ತಾನಾಗಿ ಒಂದು ಪದ ಬರೆಯದಿದ್ದ ಮಗು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಮಗಳು ಬರೆಯುತ್ತಿದ್ದಾಳೆ ಎಂದು ಎದೆ ತುಂಬಿ ಬರುತ್ತಿತ್ತು, ಯಾರಿಗೆ ಬರೆಯುತ್ತಿದ್ದಾಳೆ ಎಂದು ನೆನೆದರೆ ಅದೇ ಎದೆ ಝಲ್ಲೆನ್ನುತ್ತಿತ್ತು. ಮೈಸೂರಿನ ಮೇಡಂಗೆ ಫೋನು ಮಾಡಿದೆ. ಪದ ಬರೆಯುತ್ತಿದ್ದಾಳೆ ಎಂದೆ. ಅವರಿಗೆ ತುಂಬ ಖುಷಿಯಾಯಿತು, ಯಾವ ಆಟದಿಂದ ಬಂತು ಎಂದು ಕೇಳಿದರು. ಹಿಟ್ಟಿನ ಆಟ ಎಂದಷ್ಟೇ ಹೇಳಿ ಫೋನಿಟ್ಟೆ. ಇನ್ನೇನು ಹೇಳುವುದು?

ಅವಳು ದಿನಾ ಸಂಜೆ ಮಂಕರಿ ಕವುಚುತ್ತಿದ್ದಳು, ದಿನಾ ಬೆಳಿಗ್ಗೆ ತೆಗೆದು ನೋಡುತ್ತಿದ್ದಳು. ಮತ್ತೆ ಯಾವ ಗುರುತೂ ಬರಲಿಲ್ಲ. ಅವಳು ಬರೆದದ್ದು ಹಾಗೇ ಇರುತ್ತಿತ್ತು. "ತಾತ ಓದಿಲ್ಲ," ಎಂದು ಸಪ್ಪಗಾಗುತ್ತಿದ್ದಳು. "ನಾನು ತಪ್ಪು ಬರ್ದಿದೀನೋ ಏನೋ." ತಪ್ಪುಗಳಿದ್ದವು. ಒತ್ತಕ್ಷರ ಎಲ್ಲೋ ಹೋಗಿರುತ್ತಿತ್ತು, ದೀರ್ಘ ಹಾರಿಹೋಗಿರುತ್ತಿತ್ತು. ಒಂದು ಬೆಳಿಗ್ಗೆ ಬೇಸತ್ತು ಮೊರವನ್ನು ಒದೆದುಬಿಟ್ಟಳು. "ಸತ್ತೋದವರೂ ಓದಲ್ಲ ನಾನು ಬರೆದಿದ್ದನ್ನ. ನಾನು ಸ್ಕೂಲಿಗೆ ಹೋಗಲ್ಲ ಅಂದ್ರೆ ಹೋಗಲ್ಲ," ಎಂದಳು. ರಜೆ ಮುಗಿಯುತ್ತ ಬಂದಿತ್ತು. ಹೊಸಲಿನ ಮೇಲೆ ಚೆಲ್ಲಿದ ಹಿಟ್ಟನ್ನು ಗುಡಿಸುತ್ತ ಅವತ್ತು ನಾನು ಅತ್ತೆ.

ಊರಿಗೆ ಹೊರಡುವ ಹಿಂದಿನ ಸಂಜೆ ಅವ್ವ ತಾನೇ ಮೊರ ತಂದಿಟ್ಟಳು. ತಲೆಗೆ ಸೆರಗು ಹೊದ್ದು, ಕಂಬದ ಮುಂದೆ ಕೂತು, ಮಗಳನ್ನು ಕರೆದಳು.

"ಬಾವ್ವ. ನಾನು ಏಳ್ದಂಗೆ ಬರಿ. ನಿಮ್ ತಾತಂಗೆ ಓಗಿ ಅಂತ ಯಾರೂ ಏಳಿಲ್ಲ. ಅದ್ಕೇ ಕುಂತವ್ರೆ."

"ನಾನು ಬರೆದುಕೊಡ್ತೀನಿ ತಾಳವ್ವ," ಎಂದೆ ನಾನು. ಮಗಳು ಮತ್ತೆ ಸೋಲಬಾರದು ಎಂಬ ಒಂದೇ ಆಸೆ ನನಗೆ.

"ನೀನ್ ಬರುದ್ರೆ ಅವ್ರಿಗೆ ತಿಳಿಯಾಕಿಲ್ಲ," ಎಂದಳು ಅವ್ವ. "ಅಕ್ಸರ ಓಡೋರಿಗೆ ಅಕ್ಸರ ಓಡೋರೇ ಬರೀಬೇಕು."

ನಾನು ಮೊರವನ್ನು ಮಗಳ ಕಡೆ ಸರಿಸಿದೆ. ಹೊರಗೆ ಕೊಟ್ಟಿಗೆಯಲ್ಲಿ ಹಸು ಸುಮ್ಮನೆ ಒಂದು ಸಲ ಕೂಗಿತು. ಮಗಳು ಅಜ್ಜಿಯ ಮುಖ ನೋಡಿದಳು. ಅವಳನ್ನು ಒಂದು ಕೆಲಸಕ್ಕೆ, ಅದೂ ಬರೆಯುವ ಕೆಲಸಕ್ಕೆ, ಬೇರೆ ಯಾರೂ ಆಗದು ನೀನೇ ಬೇಕು ಎಂದು ಯಾರೂ ಇದುವರೆಗೆ ಕರೆದಿರಲಿಲ್ಲ.

"ಏನ್ ಬರೀಲಿ ಅಜ್ಜಿ? ತಾತ ಹೋಗಿ ಬಾ ಅಂತಲಾ?"

"ಬಾ ಅನ್ಬ್ಯಾಡ ಕಣವ್ವ," ಎಂದಳು ಅವ್ವ. ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವವರು ಹೋಗಿ ಬರ್ತೀನಿ ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಸತ್ತವರಿಗಂತೂ ಆ ಮಾತು ಹೇಳಲೇಬಾರದು. ಅವ್ವ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನಾವ್ ಚೆಂದಾಗಿವಿ ಅಂತ ಬರಿ. ಓಗು ಅಂತ ಬರಿ. ಅಷ್ಟೇ ಸಾಕು."

ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದೊಂದು ಅಕ್ಷರವನ್ನೂ ಮೊದಲು ಗಾಳಿಯಲ್ಲಿ, ಆಮೇಲೆ ತನ್ನ ತೊಡೆಯ ಮೇಲೆ, ಆಮೇಲೆ ಹಿಟ್ಟಿನ ಮೇಲೆ ಬರೆದಳು. ತಾತ, ನಾವು ಚೆನ್ನಾಗಿದೀವಿ, ಹೋಗು. ಅವಳು ಇದುವರೆಗೆ ಬರೆದದ್ದರಲ್ಲಿ ಎಲ್ಲಕ್ಕಿಂತ ಉದ್ದದ ವಾಕ್ಯ ಅದು. ಒತ್ತು ಇರಲಿಲ್ಲ. ಒಂದು ವ ತಿರುಗಿ ನಿಂತಿತ್ತು. ನನ್ನ ಬೆರಳು ತಿದ್ದಲು ತುರಿಸಿತು. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ಮಂಕರಿ ಕವುಚಿದರು.

ಮಲಗಿದಾಗ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಆ ಬರಹವನ್ನು ಅಳಿಸಿಬಿಡಬೇಕು. ಮಗಳಿಗೆ ತಾತ ಓದಿದ ಎಂದು ಸಮಾಧಾನವಾಗುತ್ತದೆ, ಅವ್ವನಿಗೆ ಹೋದ ಎಂದು ನೆಮ್ಮದಿಯಾಗುತ್ತದೆ. ಸುಳ್ಳಾದರೆ ಸುಳ್ಳು. ಹಕ್ಕಿಕಾಲಿನ ಸುಳ್ಳು ಹೇಳಿದ ಅವ್ವನ ಮಗಳಲ್ಲವೇ ನಾನು!

ಕೋಳಿ ಕೂಗುವ ಹೊತ್ತಿಗೆ ಎದ್ದೆ. ಅವ್ವ ಗೋಡೆ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದಳು, ಮಗಳು ಅವಳ ಬೆನ್ನಿಗೆ ಅಂಟಿಕೊಂಡಿದ್ದಳು. ಜಗಲಿಯಲ್ಲಿ ಅಣ್ಣನ ಗೊರಕೆ ಕೇಳುತ್ತಿತ್ತು. ಬೆಳಕಿಂಡಿಯಲ್ಲಿ ಬೂದು ಬಣ್ಣದ ಬೆಳಕು ಬಂದಿತ್ತು. ಕಂಬದ ಹತ್ತಿರ ಕೂತು ಮಂಕರಿ ಎತ್ತಿದೆ.

ಹಿಟ್ಟಿನ ಮೇಲೆ ಒಂದಕ್ಷರವೂ ಇರಲಿಲ್ಲ.

ಗಾಳಿಗೆ ಹಾರಿದ್ದಲ್ಲ, ಬೆಕ್ಕು ಕೆದಕಿದ್ದಲ್ಲ. ಅಂಗೈಯಲ್ಲಿ ನಯವಾಗಿ ಸವರಿದ ಹಾಗಿತ್ತು. ಹೊಗೆಸೊಪ್ಪಿನ ಬೀಜ ಚೆಲ್ಲುವ ಮುಂಚೆ ಸಸಿಮಡಿಯ ಮಣ್ಣನ್ನು ಅಂಗೈಯಲ್ಲಿ ಸವರುತ್ತಾರಲ್ಲ, ಹಾಗೆ. ಅಪ್ಪನ ಮಡಿಯೆಂದರೆ ಊರಲ್ಲೇ ಹೆಸರು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಬೀಸಿನಲ್ಲಿ ಸವರುತ್ತಿದ್ದ, ಕೊನೆಯಲ್ಲಿ ಕೈ ಎತ್ತುವ ಕಡೆ ಸಣ್ಣ ಏರು ಉಳಿಯುತ್ತಿತ್ತು. ಮೊರದ ಅಂಚಿನಲ್ಲಿ ಆ ಏರು ಇತ್ತು.

ನಾನಿನ್ನೂ ಮಂಕರಿ ಕೆಳಗಿಟ್ಟಿರಲಿಲ್ಲ. ಅವ್ವ ಎದ್ದು ಬಂದಳು, ನೋಡಿದಳು. ಕೈ ಮುಗಿದಳು. "ಓಗಿ," ಎಂದಳು, ಮೆಲ್ಲಗೆ. ಸೆರಗಲ್ಲಿ ಮುಖ ಮುಚ್ಚಿಕೊಂಡು, ಅಪ್ಪ ಸತ್ತ ದಿನವೂ ಅಳದಷ್ಟು ಅತ್ತಳು.

ಆಮೇಲೆ ಅಣ್ಣನನ್ನು ಹಿತ್ತಲಿಗೆ ಕರೆದು ನೀನೇನಾದರೂ ಮಾಡಿದೆಯಾ ಎಂದು ಕೇಳಿದೆ. "ನಿಂಗೇನ್ ತಲೆ ಕೆಟ್ಟದಾ? ನಾನು ಆ ಮೊರ್ದ ತಾವ್ಕೇ ಓಗಲ್ಲ ಕಣಮ್ಮಿ," ಎಂದ. ನಾನೇ ಸವರಿದ್ದೇನೆಂದು ಅವನ ಲೆಕ್ಕ. ಅವ್ವನನ್ನು ಕೇಳಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಹಿಟ್ಟಿದೆಯೇ ಎಂದು ಮಾತ್ರ ಕದ್ದು ನೋಡಿದೆ. ಇರಲಿಲ್ಲ. ರಾಗಿಹಿಟ್ಟು ತೊಳೆದರೆ ಹೋಗುತ್ತದೆ, ಅದೇನು ಅರಿಶಿನವೇ? ಹಾಗೆಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮಗಳು ಎದ್ದು ಬಂದು ಮೊರವನ್ನು ನೋಡಿದಳು. ಹಿಟ್ಟನ್ನು ಮುಟ್ಟಲಿಲ್ಲ. ಹಲ್ಲುಜ್ಜಿದಳು, ರೊಟ್ಟಿ ತಿಂದಳು, ಅಜ್ಜಿಯ ಕಾಲಿಗೆ ಬಿದ್ದಳು. ಬಸ್ಸು ಹುಣಸೂರು ದಾಟುವತನಕ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ದಾರಿಬದಿಯ ಬೋರ್ಡುಗಳು ಹಿಂದಕ್ಕೆ ಓಡುತ್ತಿದ್ದವು. ಅವಳ ತೋರುಬೆರಳು ತೊಡೆಯ ಮೇಲೆ ಅವುಗಳ ಅಕ್ಷರಗಳನ್ನು ಬರೆಯುತ್ತಿತ್ತು.

ಮನೆಗೆ ಬಂದವಳೇ ಸ್ಟೂಲು ಎಳೆದು ಅಟ್ಟದಿಂದ ಬ್ಯಾಗು ಇಳಿಸಿ ದೂಳು ಕೊಡವತೊಡಗಿದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

"ಸ್ಕೂಲಿಗೆ ಹೋಗ್ತೀಯೇನೇ?" ಎಂದೆ.

"ಹೂಂ. ನಾನು ಬರೆದಿದ್ದು ಓದಿದ್ರೆ ಗೊತ್ತಾಗತ್ತೆ ಕಣಮ್ಮ," ಎಂದಳು. "ತಾತಂಗೆ ಗೊತ್ತಾಯ್ತಲ್ಲ. ಕೆಂಪು ಗೆರೆನೂ ಹಾಕಲಿಲ್ಲ, ಹೋಗು ಅಂದಿದ್ದಕ್ಕೆ ಹೋದ್ರು."